ನಿಧಾನ ಕಾಯುವ ಕಾಯಿಲ್‌ಗೆ ನಾಲ್ಕು ಮದ್ದು: ಕಾಫಿ ಹುರಿಯುವ ಒಲೆಯ ಮೇಲೆ ಪರೀಕ್ಷಿಸಿದ್ದು

ಕಾಯಿಲ್ ಒಲೆ ನಿಧಾನವಾಗಿ ಕಾಯುತ್ತಿದೆ ಎಂದರೆ ಅಂಗಡಿಯವರು ಹೇಳುವ ಮದ್ದು ಸಾಮಾನ್ಯವಾಗಿ ಒಂದೇ: ಹೊಸ ಕಾಯಿಲ್. ನೀರು ಕಾಯಿಸುವವರಿಗೆ ಅದು ಸಾಕಾಗಬಹುದು, ಕಾಫಿ ಹುರಿಯುವವರಿಗೆ ಸಾಲದು. ಚಿಕ್ಕಮಗಳೂರು ಬಳಿಯ ಆಲ್ದೂರಿನ ನಮ್ಮ ಮನೆಯಲ್ಲಿ ಅರ್ಧ ಕಿಲೋ ಅರೇಬಿಕಾ ಹಿಡಿಯುವ ಉಕ್ಕಿನ ಡ್ರಮ್ಮೊಂದನ್ನು ಸಣ್ಣ ಮೋಟಾರು ತಿರುಗಿಸುತ್ತದೆ. ಅದರ ಕೆಳಗೆ, ಪಿಂಗಾಣಿ ಪ್ಲೇಟಿನ ಕಾಲುವೆಯಲ್ಲಿ, ಸಾವಿರ ವಾಟಿನ ಕಾಯಿಲ್. ಬೀಜ ಹಾಕಿದ ಹತ್ತು ಹನ್ನೆರಡು ನಿಮಿಷದೊಳಗೆ ಮೊದಲ ಸಿಡಿತದ, ಅಂದರೆ ಬೀಜ ಚಟಚಟನೆ ಬಿರಿಯುವ, ಸದ್ದು ಕೇಳಬೇಕು. ಇಪ್ಪತ್ತು ನಿಮಿಷ ದಾಟಿತೆಂದರೆ ಬೀಜ ಹುರಿಯುವ ಬದಲು ಒಳಗೊಳಗೇ ಬೆಂದು ಒಣಗುತ್ತದೆ. ಬಣ್ಣ ಬರುತ್ತದೆ, ಘಮ ಬರುವುದಿಲ್ಲ, ಡಿಕಾಕ್ಷನ್ ಸಪ್ಪೆ. ಹೂವಿನಿಂದ ಹಣ್ಣಿನವರೆಗೆ ವರ್ಷವಿಡೀ ಕಾದು, ಕುಯ್ದು, ಒಣಗಿಸಿದ ಬೀಜ ಒಲೆಯ ಮೇಲೆ ಇಪ್ಪತ್ತು ನಿಮಿಷದಲ್ಲಿ ಹಾಳಾಗುವುದನ್ನು ನಾನು ಸಹಿಸಲಾರೆ. ಹಾಗಾಗಿ ಅದೇ ಡ್ರಮ್ಮು, ಅದೇ ತೋಟದ ಬೀಜ ಇಟ್ಟುಕೊಂಡು ನಾಲ್ಕು ದಾರಿಗಳನ್ನು ಹೋಲಿಸಿ ನೋಡಿದೆ.

ತಂತಿಯ ಮಾತಿಗೆ ಮುಂಚೆ ಮೀಟರಿನ ಮಾತು. ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಗಿಡ ಹೂಬಿಡಲು ಬೇಕಾದ ಮಳೆ) ತಡವಾದರೆ ತೋಟಗಳಲ್ಲಿ ಸ್ಪ್ರಿಂಕ್ಲರ್‌ಗಳು ಶುರುವಾಗುತ್ತವೆ. ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ನಮ್ಮ ಪ್ಲಗ್ಗಿಗೆ ಮಲ್ಟಿಮೀಟರ್ ಹಿಡಿದರೆ 180 ವೋಲ್ಟ್ ತೋರಿಸುತ್ತದೆ. 230 ವೋಲ್ಟಿನಲ್ಲಿ 1000 ವಾಟ್ ಕೊಡುವ ಕಾಯಿಲ್‌ನ ರೋಧ ಸುಮಾರು 53 ಓಮ್. ವಿದ್ಯುತ್ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ 180ರಲ್ಲಿ ಅದೇ ಕಾಯಿಲ್ ಕೊಡುವುದು 612 ವಾಟ್ ಮಾತ್ರ. ವೋಲ್ಟೇಜು ಐದರಲ್ಲಿ ಒಂದು ಪಾಲು ಕುಸಿದರೆ ಶಾಖ ಐದರಲ್ಲಿ ಎರಡು ಪಾಲು ಹೋಗುತ್ತದೆ. ಎಂಥ ಒಳ್ಳೆಯ ಕಾಯಿಲ್ ತಂದು ಹಾಕಿದರೂ, ಅದರ ಓಮ್ ಬದಲಾಗದ ಹೊರತು ಈ ಲೆಕ್ಕ ಬದಲಾಗುವುದಿಲ್ಲ.

ಇನ್ನೊಂದು, ಸಂಪರ್ಕ. ಪ್ಲಗ್ ಕಿತ್ತು ಒಲೆಯನ್ನು ಮಗುಚಿ ನೋಡಿದಾಗ ಹಿತ್ತಾಳೆ ಸ್ಕ್ರೂ ಕಪ್ಪಾಗಿ, ವಾಷರ್ ನೀಲಿ ತಿರುಗಿ, ಅದರಡಿ ತಂತಿಯ ಬಾಲ ಅಲುಗಾಡುತ್ತಿತ್ತು. ಅಲ್ಲಿ ಅರ್ಧ ಓಮ್ ರೋಧ ಹುಟ್ಟಿಕೊಂಡರೆ, ನಾಲ್ಕು ಆಂಪಿಯರ್ ಹರಿಯುವಾಗ 8 ವಾಟ್ ಶಾಖ ಆ ಒಂದು ಸ್ಕ್ರೂ ಮೇಲೇ ಬೀಳುತ್ತದೆ. ಇಷ್ಟರಿಂದಲೇ ಒಲೆ ನಿಧಾನವಾಗದು. ಆದರೆ ಕಾದಷ್ಟೂ ತುಕ್ಕು, ತುಕ್ಕು ಹಿಡಿದಷ್ಟೂ ಕಾವು, ಕೊನೆಗೆ ಕಿಡಿ. ಸ್ಕ್ರೂ, ವಾಷರ್ ಹೊಸದು ಹಾಕಿ, ತಂತಿಯ ಬಾಲವನ್ನು ಮರಳು ಕಾಗದದಿಂದ ಉಜ್ಜಿ ಬಿಗಿದ ಮೇಲೆಯೇ ನಾಲ್ಕೂ ಪರೀಕ್ಷೆಗಳನ್ನು ಮಾಡಿದ್ದು.

ಮೊದಲನೆಯದು ದಪ್ಪ ನೈಕ್ರೋಮ್. ಆಲ್ಬರ್ಟ್ ಮಾರ್ಷ್ 1906ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ನಿಕಲ್-ಕ್ರೋಮಿಯಂ ಮಿಶ್ರಲೋಹವೇ ಇದು. ಚಿಕ್ಕಮಗಳೂರಿನ ಮೋಟಾರ್ ವೈಂಡಿಂಗ್ ಅಂಗಡಿಯ ಹಿರಿಯರು, "26 ಗೇಜ್ ಬೇಡ ಸಾರ್, 24 ಹಾಕಿಸಿಕೊಳ್ಳಿ, ಬೇಗ ಸುಡುವುದಿಲ್ಲ" ಎಂದರು. ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ. "ಬೇಗ ಕಾಯುತ್ತದೆಯೇ ಯಜಮಾನರೇ?" ಎಂದು ಕೇಳಿದೆ. "ಕಾಯುತ್ತದೆ, ಸ್ವಲ್ಪ ತಡ."

ಅವರು ಹೇಳಿದ್ದು ನಿಜ. 53 ಓಮ್ ಬರಬೇಕಾದರೆ 26 ಗೇಜಿನಲ್ಲಿ 8 ಮೀಟರ್ ತಂತಿ ಸಾಕು, 24ರಲ್ಲಿ ಸುಮಾರು 12 ಮೀಟರ್ ಬೇಕು. ತಂತಿ ದಪ್ಪವೂ ಹೌದು, ಉದ್ದವೂ ಹೌದು, ಹಾಗಾಗಿ ಕಾಯಿಸಬೇಕಾದ ಲೋಹದ ತೂಕ ಎರಡು ಪಟ್ಟಿಗೂ ಮೀರುತ್ತದೆ. ಮೇಲ್ಮೈ ಹೆಚ್ಚಾದ್ದರಿಂದ ಅದೇ ವಾಟಿಗೆ ಮಂಕು ಕೆಂಪಿನಲ್ಲೇ ನಿಲ್ಲುತ್ತದೆ. ಬಣ್ಣ ನೋಡಿ ಶಾಖ ಅಳೆಯುವವರು ಇಲ್ಲಿ ಮೋಸ ಹೋಗುತ್ತಾರೆ. ತಂತಿ ಕೆಂಪೇರುವುದರಲ್ಲಿನ ವ್ಯತ್ಯಾಸ ಕೆಲವೇ ಸೆಕೆಂಡ್, ನಿಜವಾಗಿ ಶಾಖ ನುಂಗುವುದು ಪಿಂಗಾಣಿ ಪ್ಲೇಟು. ಅದು ಕಾಯುವ ಮೊದಲೇ ಬೀಜ ಸುರಿದರೆ ಯಾವ ಗೇಜೂ ಕಾಪಾಡದು. ಬಾಳಿಕೆ ಬೇಕೆನ್ನುವವರಿಗೆ 24 ಗೇಜ್ ಒಳ್ಳೆಯದೇ. 180 ವೋಲ್ಟಿನ ಸಂಜೆಗೆ ಅದರಿಂದ ಪ್ರಯೋಜನವಿಲ್ಲ.

ಎರಡನೆಯದು ಗಿಡ್ಡ ಕಾಂತಾಲ್. ಸ್ವೀಡನ್ನಿನ ಈ ಕಬ್ಬಿಣ-ಕ್ರೋಮಿಯಂ-ಅಲ್ಯೂಮಿನಿಯಂ ತಂತಿಯ ರೋಧ ನೈಕ್ರೋಮಿಗಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು. ನಿಕಲ್ ಇಲ್ಲದಿದ್ದರೂ ಇನ್ನೂ ಹೆಚ್ಚಿನ ಶಾಖ ತಾಳಬಲ್ಲದು. 180 ವೋಲ್ಟಿನಲ್ಲೇ ಸಾವಿರ ವಾಟ್ ಬರುವಂತೆ 32 ಓಮಿಗೆ ಕತ್ತರಿಸಿದರೆ 26 ಗೇಜಿನಲ್ಲಿ ನಾಲ್ಕು ಮೀಟರಿಗೂ ಕಡಿಮೆ ತಂತಿ ಸಾಕು. ವೇಗದ ಮಾತಾದರೆ ನಾಲ್ಕರಲ್ಲಿ ಇದೇ ಮುಂದು. ಸ್ವಿಚ್ ಒತ್ತಿದ ಕೂಡಲೇ ಕಿತ್ತಳೆ ಬಣ್ಣಕ್ಕೆ ಏರಿತು, ಸಿಡಿತವೂ ಹೊತ್ತಿಗೆ ಸರಿಯಾಗಿ ಬಂತು. ಆದರೂ ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಪಂಪ್‌ಸೆಟ್ ನಿಂತು ವೋಲ್ಟೇಜು 230ಕ್ಕೆ ಮರಳಿದರೆ ಇದೇ ಕಾಯಿಲ್ 1600 ವಾಟ್ ದಾಟುತ್ತದೆ, ಏಳು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಮನೆಯ ಸಣ್ಣ ಪ್ಲಗ್ ಇರುವುದು ಆರು ಆಂಪಿಯರಿಗೆ. ಹುರಿಯುವ ನಡುವೆ ಹಾಗೆ ಆದಾಗ ಬೀಜದ ತುದಿಗಳು ಕರಿಕಾಗಿ, ಒಳಗೆ ಹಸಿ ಉಳಿಯಿತು. ಮತ್ತೂ ಒಂದು ತೊಡಕಿದೆ: ಒಮ್ಮೆ ಕೆಂಪಾಗಿ ತಣಿದ ಕಾಂತಾಲ್ ಪೆಡಸಾಗುತ್ತದೆ, ಬಗ್ಗಿಸಲು ಹೋದರೆ ಮುರಿಯುತ್ತದೆ. ನೈಕ್ರೋಮ್ ಸುಟ್ಟ ಮೇಲೂ ಬಳುಕುತ್ತದೆ, ಸ್ಕ್ರೂ ಬಳಿ ತುಂಡಾದರೆ ಎಳೆದು ಮತ್ತೆ ಕೂರಿಸಬಹುದು.

ಮೂರನೆಯದು ಹಳೆಯ ಕಾಯಿಲ್‌ನೊಂದಿಗೆ 2 ಕೆವಿಎ ಸ್ಟೆಬಿಲೈಜರ್. ಖರ್ಚು ಎಲ್ಲಕ್ಕಿಂತ ಹೆಚ್ಚು. ರಿಲೇ (ತಾನಾಗಿ ಬದಲಾಗುವ ಸ್ವಿಚ್) ಇರುವ ಈ ಪೆಟ್ಟಿಗೆ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತದೆ, ಪ್ರತಿ ಟಿಕ್ ಸದ್ದಿಗೂ ಶಾಖ ಜಿಗಿಯುತ್ತದೆ. ಅಡುಗೆಗೆ ಸರಿ, ಸಿಡಿತದ ಹೊತ್ತಿಗೆ ಆ ಜಿಗಿತ ಬೇಡ.

ನಾಲ್ಕನೆಯದನ್ನೇ ನಾನು ಉಳಿಸಿಕೊಂಡಿದ್ದೇನೆ: 26 ಗೇಜಿನ ಸಾವಿರ ವಾಟಿನ ನೈಕ್ರೋಮ್, ಅದರ ಜೊತೆಗೆ ಬೇರೆ ಸ್ವಿಚ್ ಇರುವ ಐನೂರು ವಾಟಿನ ಮರಿ ಕಾಯಿಲ್. ಮರಿಗೆ 106 ಓಮ್ ಬೇಕು. 28 ಗೇಜಿನ ಕಾಂತಾಲ್‌ನಲ್ಲಿ ಸುಮಾರು 8 ಮೀಟರಿಗೆ ಅಷ್ಟು ಬರುತ್ತದೆ. ಒಮ್ಮೆ ಕೂರಿಸಿದ ಮೇಲೆ ಮುಟ್ಟುವ ಪ್ರಮೇಯವಿಲ್ಲದ್ದರಿಂದ ಅದರ ಪೆಡಸುತನ ಇಲ್ಲಿ ತೊಂದರೆ ಕೊಡುವುದಿಲ್ಲ. 180 ವೋಲ್ಟಿನಲ್ಲಿ ಎರಡೂ ಸೇರಿ 918 ವಾಟ್ ಕೊಡುತ್ತವೆ. ವೋಲ್ಟೇಜು ಏರಿದರೆ ಮರಿಯನ್ನು ಆರಿಸುತ್ತೇನೆ, ಏರದಿದ್ದರೂ ಮೊದಲ ಸಿಡಿತ ಕೇಳಿದ ಕೂಡಲೇ ಆರಿಸುತ್ತೇನೆ. ಆ ಹೊತ್ತಿಗೆ ಬೀಜವೇ ಶಾಖ ಬಿಡತೊಡಗಿರುತ್ತದೆ, ಒಲೆ ತಗ್ಗಬೇಕು. ಉಳಿದ ಮೂರು ದಾರಿಗಳಲ್ಲಿ ಹೀಗೆ ತಗ್ಗಿಸುವ ಅವಕಾಶ ನನ್ನ ಕೈಯಲ್ಲಿರಲಿಲ್ಲ.

ಇದನ್ನು ಮಾಡಿಸುವವರು ಸುರುಳಿಯನ್ನು ಸಮನಾಗಿ ಎಳೆಯಿರಿ. ಸುತ್ತು ಸುತ್ತಿನ ನಡುವೆ ಕನಿಷ್ಠ ತಂತಿಯ ದಪ್ಪದಷ್ಟು ಜಾಗ ಇರಲಿ, ಒತ್ತಾಗಿರುವ ಕಡೆ ಮೊದಲು ಸುಡುತ್ತದೆ. ಎರಡೂ ಕಾಯಿಲ್ ಹೊತ್ತಿದಾಗ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಹರಿಯುವುದರಿಂದ 16 ಆಂಪಿಯರ್ ಪ್ಲಗ್, 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಬೇಕೇ ಬೇಕು. ಬರಿ ತಂತಿಯಲ್ಲಿ ಕರೆಂಟ್ ಇರುತ್ತದೆ, ಆದ್ದರಿಂದ ಡ್ರಮ್ಮಿಗೂ ಒಲೆಯ ಕವಚಕ್ಕೂ ಅರ್ಥಿಂಗ್ ಕೊಡಿಸಿ. ಹುರಿಯುವಾಗ ಉದುರುವ ಬೀಜದ ಹೊಟ್ಟು ಕಾಯಿಲ್ ಮೇಲೆ ಬಿದ್ದರೆ ಹೊತ್ತಿಕೊಂಡು ಕಾಫಿಗೆ ಹೊಗೆ ವಾಸನೆ ಹತ್ತುತ್ತದೆ. ಡ್ರಮ್ಮಿನ ಕೆಳಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಇಡಿ. ಪ್ರತಿ ಸಲ ಹುರಿದಾದ ಮೇಲೆ ಪ್ಲಗ್ ಕಿತ್ತು, ಒಲೆ ತಣಿದ ಬಳಿಕ ಕಾಲುವೆಯಲ್ಲಿ ಕೂತ ಬೂದಿಯನ್ನು ಒಣ ಬ್ರಷ್‌ನಿಂದ ತೆಗೆಯಿರಿ.