ಸ್ಟೀಲ್ ಕಾಫಿ ಫಿಲ್ಟರ್: ದೊಡ್ಡದಕ್ಕೆ ಮರುಳಾಗಬೇಡಿ

"ಈ ಫಿಲ್ಟರ್ ಸರಿಯಿಲ್ಲ, ಡಿಕಾಕ್ಷನ್ ನೀರುನೀರಾಗಿ ಬರುತ್ತೆ." ಸ್ಟೀಲ್ ಫಿಲ್ಟರಿನ ಮೇಲೆ ಎಲ್ಲರೂ ಹೇಳುವ ದೂರು ಇದು. ತಪ್ಪು ಫಿಲ್ಟರಿನದಾಗಿರುವುದು ಅಪರೂಪ. ಮನೆಯಲ್ಲಿ ಇರುವುದು ಇಬ್ಬರು, ನೆಂಟರು ಬಂದರೆ ಇರಲಿ ಎಂದು ತಂದಿದ್ದು ಆರು ಕಪ್ಪಿನದು, ದಿನಾ ಹಾಕುವುದು ಎರಡು ಕಪ್ಪಿನ ಪುಡಿ. ತಳದಲ್ಲಿ ಪುಡಿ ತೆಳ್ಳಗೆ ಹರಡಿಕೊಂಡರೆ ನೀರು ಅದರಲ್ಲಿ ನಿಲ್ಲುವುದೇ ಇಲ್ಲ, ಸರ್ರನೆ ಇಳಿದುಬಿಡುತ್ತದೆ.

ಲೆಕ್ಕ ಹಾಕಿಯೇ ನೋಡಿ. ಆರೂವರೆ ಸೆಂಟಿಮೀಟರ್ ಅಗಲದ ಸಣ್ಣ ಫಿಲ್ಟರಿಗೆ 25 ಗ್ರಾಂ ಪುಡಿ ಹಾಕಿದರೆ ಸುಮಾರು 2 ಸೆಂಟಿಮೀಟರ್ ದಪ್ಪ ಕೂರುತ್ತದೆ. ಅಷ್ಟೇ ಪುಡಿಯನ್ನು 9 ಸೆಂಟಿಮೀಟರ್ ಅಗಲದ್ದಕ್ಕೆ ಹಾಕಿದರೆ ದಪ್ಪ ಅರ್ಧಕ್ಕೆ ಇಳಿಯುತ್ತದೆ. ಒಳ್ಳೆಯ ಡಿಕಾಕ್ಷನ್‌ಗೆ 2 ಸೆಂಟಿಮೀಟರ್ ಬೇಕೇ ಬೇಕು. ಆದ್ದರಿಂದ ದಿನಬಳಕೆಗೆ ಒಂದು ಸಣ್ಣದು, ಹಬ್ಬಕ್ಕೆ, ನೆಂಟರಿಗೆ ಇನ್ನೊಂದು ದೊಡ್ಡದು. ಎರಡೂ ಸೇರಿದರೂ ಜೇಬಿಗೆ ಭಾರವಾಗುವ ಸಾಮಾನಲ್ಲ.

ಅಂಗಡಿಯವರು ಹೇಳುವ "ಎರಡು ಕಪ್ಪು, ನಾಲ್ಕು ಕಪ್ಪು" ಲೆಕ್ಕ ಒಬ್ಬೊಬ್ಬ ತಯಾರಕರದು ಒಂದೊಂದು ಥರ. ಅದನ್ನು ನಂಬದೆ ಕೆಳಗಿನ ಪಾತ್ರೆ ಎಷ್ಟು ಹಿಡಿಯುತ್ತದೆ ಎಂದು ಕೇಳಿ. 150ರಿಂದ 200 ಮಿ.ಲೀ. ಹಿಡಿಯುವುದು ಇಬ್ಬರು ಮೂವರಿಗೆ ಧಾರಾಳ. ಕೊಳ್ಳುವ ಮುಂಚೆ ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ. ತೂತುಗಳು ಸಣ್ಣಗೆ, ಒಂದೇ ಅಳತೆಯಲ್ಲಿ, ಅಂಚಿನವರೆಗೂ ಇರಬೇಕು. ಬೆರಳಾಡಿಸಿದರೆ ಒಳಗಡೆ ಚುಚ್ಚಬಾರದು. ಚುಚ್ಚಿದರೆ ಅಲ್ಲೇ ಚರಟ ಸಿಕ್ಕಿಕೊಂಡು ಕೂರುತ್ತದೆ. ಆಮೇಲೆ ಮೇಲಿನದನ್ನು ಕೆಳಗಿನದರ ಮೇಲೆ ಕೂರಿಸಿ. ಅಲ್ಲಾಡಬಾರದು, ಹಾಗೆಂದು ಬಿರಡೆಯ ಹಾಗೆ ಬಿಗಿಯಾಗಿಯೂ ಇರಬಾರದು. ತೀರಾ ಬಿಗಿಯಾದರೆ ಕೆಳಗಿನ ಪಾತ್ರೆಯ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲದೆ ಡಿಕಾಕ್ಷನ್ ಇಳಿಯುವುದೇ ನಿಂತುಹೋಗುತ್ತದೆ. ಪುಡಿ ಕಟ್ಟಿಕೊಂಡಿದೆ ಎಂದು ಮಂದಿ ಕಡ್ಡಿ ಹಾಕಿ ಕಲಕಲು ಹೋಗುವುದು ಇಂಥ ಹೊತ್ತಿನಲ್ಲೇ. ಕಲಕಬೇಡಿ, ಮೇಲಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಕೂದಲೆಳೆಯಷ್ಟು ಎತ್ತಿ ಮತ್ತೆ ಕೂರಿಸಿ. ತೊಟತೊಟ ಶುರುವಾಗುತ್ತದೆ.

ಹಿತ್ತಾಳೆ ಫಿಲ್ಟರ್ ನೋಡಲು ಚೆಂದ, ಬಿಸಿಯನ್ನೂ ಹಿಡಿದಿಡುತ್ತದೆ. ಆದರೆ ಕಾಫಿಯ ಹುಳಿ ಹಿತ್ತಾಳೆಗೆ ಆಗಿಬರುವುದಿಲ್ಲ, ಒಳಗೆ ಕಲಾಯಿ, ಅಂದರೆ ತವರದ ಲೇಪ, ಇರಲೇಬೇಕು, ಸವೆದರೆ ಮತ್ತೆ ಹಾಕಿಸಬೇಕು. ಕಲಾಯಿ ಹಾಕುವವರು ನಿಮ್ಮ ಊರಿನಲ್ಲಿ ಸಿಗುತ್ತಾರಾದರೆ ಕೊಳ್ಳಿ. ರುಚಿಯ ಮಟ್ಟಿಗೆ ಸ್ಟೀಲಿನದಕ್ಕಿಂತ ಮೇಲು ಎನ್ನುವುದನ್ನು ನಾನಂತೂ ಒಪ್ಪುವುದಿಲ್ಲ.

ಇನ್ನು ಪುಡಿ. ಫಿಲ್ಟರಿಗೆ ಬೇಕಾದ ನುಣುಪು ಚಿರೋಟಿ ರವೆಗಿಂತ ನಯ, ಮೈದಾಗಿಂತ ಒರಟು. ಪುಡಿ ಅಂಗಡಿಯಲ್ಲಿ "ಫಿಲ್ಟರಿಗೆ" ಎಂದು ಬಾಯಿಬಿಟ್ಟು ಹೇಳಿ. ಬಟ್ಟೆಯಲ್ಲಿ ಸೋಸುವ ಹೋಟೆಲಿಗೆಂದು ನುಣ್ಣಗೆ ಬೀಸಿದ್ದನ್ನು ತಂದರೆ ತೂತುಗಳು ಕಟ್ಟಿ, ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನವಾದರೂ ಇಳಿಯುವುದಿಲ್ಲ. ಕಾಫಿಪುಡಿಗೆ ಬೆರೆಸುವ ಚಿಕೋರಿ (ಒಂದು ಗಿಡದ ಹುರಿದ ಬೇರಿನ ಪುಡಿ) ಹೆಚ್ಚಿದಷ್ಟೂ ಇಳಿಯುವುದು ನಿಧಾನ. ಚಿಕೋರಿಯಲ್ಲಿ ನೀರಿಗೆ ಬಿಡುವ ಅಂಶ ಕಾಫಿಗಿಂತ ಎರಡು ಪಟ್ಟಿಗೂ ಹೆಚ್ಚು. ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಕಾಣುವುದು ಅದರಿಂದಲೇ. ಬಣ್ಣ ನೋಡಿ ಸ್ಟ್ರಾಂಗ್ ಎಂದುಕೊಂಡರೆ ಮೋಸ ಹೋದಿರಿ, ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಪ್ರಮಾಣವನ್ನು ಪ್ಯಾಕೆಟ್ಟಿನ ಮೇಲೆ ಹಾಕಿರಬೇಕು. ಬ್ರ್ಯಾಂಡಿನ ಹೆಸರಿಗಿಂತ ಮುಂಚೆ ಆ ಸಾಲು ಓದಿ. ಹಾಲಿನ ಕಾಫಿಗೆ ಶೇ. 15ರಿಂದ 20 ಚಿಕೋರಿ ಸಾಕು. ಕಾಳಿನಲ್ಲಿ ಅರೇಬಿಕಾ ತಳಿಯ ಪ್ಲಾಂಟೇಷನ್ ಎ (ದೊಡ್ಡ ಕಾಳಿನ ದರ್ಜೆ) ಅಥವಾ ಪೀಬೆರಿ (ಒಂಟಿ ದುಂಡುಕಾಳು) ಮುಕ್ಕಾಲು ಪಾಲು, ಹಣ್ಣಿನ ತಿರುಳು ತೆಗೆದು ತೊಳೆದು ಒಣಗಿಸಿದ ರೋಬಸ್ಟಾ ತಳಿಯದು ಕಾಲು ಪಾಲು ಇದ್ದರೆ ಘಮಕ್ಕೆ ಘಮ, ಹಾಲಿನಲ್ಲಿ ಮುಳುಗಿಹೋಗದ ಖಡಕ್ಕು. ಒಮ್ಮೆಗೆ 200 ಗ್ರಾಂ ಮಾತ್ರ ಬೀಸಿಸಿ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಎರಡು ವಾರದಲ್ಲಿ ಮುಗಿಸಿ. ಪುಡಿ ಡಬ್ಬಿಯನ್ನು ಫ್ರಿಜ್ಜಿನಲ್ಲಿ ಇಟ್ಟು ತೆಗೆದು ಮಾಡಿದರೆ ತೇವ ಹಿಡಿಯುತ್ತದೆ.

ಮಾಡುವ ಕ್ರಮ ಹೀಗೆ. ಸಣ್ಣ ಫಿಲ್ಟರಿಗೆ 25 ಗ್ರಾಂ ಪುಡಿ, ಅಂದರೆ ಊಟದ ದೊಡ್ಡ ಚಮಚದಲ್ಲಿ ದಿಬ್ಬದಂತೆ ತುಂಬಿ ಮೂರೂವರೆಯಿಂದ ನಾಲ್ಕು. ಪಾತ್ರೆಯನ್ನು ಎರಡು ಸಲ ಮೆಲ್ಲಗೆ ಕುಟ್ಟಿ ಮಟ್ಟ ಮಾಡಿ. ಕಡ್ಡಿಯಿರುವ ತೂತಿನ ಬಿಲ್ಲೆಯನ್ನು ಮೇಲಿಟ್ಟು ಅರ್ಧ ಸುತ್ತು ತಿರುಗಿಸಿ, ಅಷ್ಟೇ. ಬಲವಾಗಿ ಅದುಮಿದರೆ ಪುಡಿ ಗಚ್ಚು ಹಾಕಿದಂತಾಗುತ್ತದೆ. ಬಿಲ್ಲೆಯ ಕೆಲಸ ಅದುಮುವುದಲ್ಲ, ಸುರಿದ ನೀರು ಒಂದೇ ಕಡೆ ಗುಂಡಿ ಕೊರೆಯದಂತೆ ತಡೆಯುವುದು. ಅದನ್ನು ಅಲ್ಲೇ ಬಿಡಿ.

ಮೊದಲು 30 ಮಿ.ಲೀ. ಬಿಸಿನೀರು ಸುತ್ತಲೂ ಹಾಕಿ ಅರ್ಧ ನಿಮಿಷ ಬಿಡಿ. ಹೊಸ ಪುಡಿಯಾದರೆ ಗುಳ್ಳೆ ಏಳುತ್ತದೆ. ಹುರಿದಾಗ ಕಾಳಿನಲ್ಲಿ ಉಳಿದ ಅನಿಲ ಅದು. ಅದು ಹೋಗದೆ ಪೂರ್ತಿ ನೀರು ಸುರಿದರೆ ಪುಡಿ ಅಲ್ಲಲ್ಲಿ ಒಣಗಿಯೇ ಉಳಿಯುತ್ತದೆ. ಆಮೇಲೆ ಇನ್ನೊಂದು 100 ಮಿ.ಲೀ. ನಿಧಾನವಾಗಿ ಹಾಕಿ ಮುಚ್ಚಿ. ನೀರು ಕುದಿ ಇಳಿದ ಮೇಲೆ ಕಾಯಬೇಕು ಎನ್ನುವ ಸಲಹೆ ಸಮುದ್ರಮಟ್ಟದ ಊರುಗಳದು. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ, ಚಿಕ್ಕಮಗಳೂರಿನಲ್ಲಿ ಇನ್ನೂ ತುಸು ಕಡಿಮೆ. ಅಲ್ಲೆಲ್ಲ ಕುದಿದ ತಕ್ಷಣ ಹಾಕಬಹುದು. ಮಂಗಳೂರು, ಕಾರವಾರದವರು ಅರ್ಧ ನಿಮಿಷ ತಾಳಿದರೆ ಸಾಕು.

ಪುಡಿ ತನ್ನ ತೂಕದ ಎರಡು ಪಟ್ಟು ನೀರು ಕುಡಿದು ಇಟ್ಟುಕೊಳ್ಳುತ್ತದೆ. ಹಾಗಾಗಿ 130 ಮಿ.ಲೀ. ಹಾಕಿದರೆ ಸಿಗುವುದು 75ರಿಂದ 80. ಕಪ್ಪಿಗೆ 25 ಮಿ.ಲೀ. ಡಿಕಾಕ್ಷನ್, 100 ಮಿ.ಲೀ. ಹಾಲು ಎಂದರೆ ಮೂರು ಕಾಫಿ. ಇಳಿಯಲು 15ರಿಂದ 20 ನಿಮಿಷ. ಐದೇ ನಿಮಿಷಕ್ಕೆ ಮುಗಿದರೆ ಪುಡಿ ಒರಟು ಅಥವಾ ಕಡಿಮೆ, ಮುಕ್ಕಾಲು ಗಂಟೆ ಹಿಡಿದರೆ ನುಣುಪು ಅಥವಾ ಚಿಕೋರಿ ಹೆಚ್ಚು. ಎರಡನೇ ಡಿಕಾಕ್ಷನ್ ತೆಗೆಯುವವರು ತೆಗೆಯಲಿ, ಮೊದಲನೆಯದಕ್ಕೆ ಮಾತ್ರ ಬೆರೆಸಬೇಡಿ. ಚೆನ್ನಾಗಿದ್ದದ್ದೂ ಕೆಡುತ್ತದೆ.

ಹಾಲು ನಂದಿನಿಯ ಟೋನ್ಡ್ ಆದರೂ ನಡೆಯುತ್ತದೆ, ಅದರಲ್ಲಿ ಕೊಬ್ಬು ಶೇ. 3. ಹೋಟೆಲಿನ ಗಟ್ಟಿತನ ಬೇಕಿದ್ದರೆ ಶೇ. 4.5ರ ಶುಭಂ ತನ್ನಿ. ಒಮ್ಮೆ ಉಕ್ಕಿದ ಹಾಲನ್ನು ಆ ಬಿಸಿಯಲ್ಲೇ ಬಳಸಿ. ನಾಲ್ಕು ಸಲ ಕಾಯಿಸಿದ ಹಾಲಿನ ವಾಸನೆ ಕಾಫಿಯ ಘಮವನ್ನು ನುಂಗುತ್ತದೆ. ಲೋಟಕ್ಕೆ ಸಕ್ಕರೆ, ಮೇಲೆ ಡಿಕಾಕ್ಷನ್, ಆಮೇಲೆ ಕುದಿಯುವ ಹಾಲು. ಡಬರಾಕ್ಕೂ ಲೋಟಕ್ಕೂ ಎರಡೇ ಸಲ ಎತ್ತಿ ಹೊಯ್ದರೆ ನೊರೆ ಬರುತ್ತದೆ, ಐದಾರು ಸಲ ಹೊಯ್ದರೆ ಕಾಫಿ ಆರುತ್ತದೆ. ತಣ್ಣಗಾದ ಡಿಕಾಕ್ಷನ್ನನ್ನು ನೇರ ಉರಿಯ ಮೇಲೆ ಇಡಲೇಬೇಡಿ, ಕಹಿಯೊಗರಾಗುತ್ತದೆ. ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ.

ಸ್ಟೀಲ್ ಫಿಲ್ಟರಿನ ನಿಜವಾದ ದೋಷಗಳು ಎರಡು. ಹಿಡಿ ಇಲ್ಲದ ಕಾರಣ ಬಿಸಿಯಿದ್ದಾಗ ಮುಟ್ಟಲಾಗದು. ಬಿಸಿಯಲ್ಲಿ ಕಚ್ಚಿಕೊಂಡರೆ ಆರುವವರೆಗೆ ಬಿಟ್ಟು ತಿರುವಿ. ಇನ್ನೊಂದು, ತಿಂಗಳೆರಡು ತಿಂಗಳಿಗೆ ತೂತು ಕಟ್ಟುವುದು. ಮೇಲಿನ ಪಾತ್ರೆಯನ್ನು ಒಣಗಿಸಿ, ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ಅರ್ಧ ನಿಮಿಷ ತಳ ತೋರಿಸಿ. ಸಿಕ್ಕಿಕೊಂಡ ಚರಟ ಸುಟ್ಟು ಪುಡಿಯಾಗುತ್ತದೆ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರೆ ಬರುತ್ತದೆ. ಸ್ಟೀಲ್ ಸ್ವಲ್ಪ ಬಣ್ಣಗೆಡುತ್ತದೆ, ತೊಂದರೆಯಿಲ್ಲ. ಕಲಾಯಿ ಹಾಕಿದ ಹಿತ್ತಾಳೆಗೆ ಈ ಉಪಾಯ ಮಾಡಿದಿರೋ ಕೆಟ್ಟಿರಿ, ತವರ 232 ಡಿಗ್ರಿಗೇ ಕರಗುತ್ತದೆ. ಉರಿಯಿಲ್ಲದ ಇಂಡಕ್ಷನ್ ಒಲೆಯವರು, ಹೊರದೇಶದ ಅಪಾರ್ಟ್‌ಮೆಂಟಿನಲ್ಲಿರುವವರು ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಕುದಿಸಿದರೆ ಹೆಚ್ಚುಕಡಿಮೆ ಅದೇ ಫಲ.

ಒಲೆಯ ಮೇಲಿಟ್ಟು ಆವಿಯ ಒತ್ತಡದಿಂದ ಕಾಫಿ ತೆಗೆಯುವ ಮೋಕಾ ಪಾಟ್ ಇದಕ್ಕಿಂತ ಬೇಗ, ಐದು ನಿಮಿಷದ ಕೆಲಸ. ಆದರೆ ಚಿಕೋರಿ ಬೆರೆತ ಪುಡಿ ಅದರಲ್ಲಿ ಕಟ್ಟಿಕೊಳ್ಳುತ್ತದೆ, ಅದಕ್ಕೆ ಶುದ್ಧ ಕಾಫಿಯೇ ಆಗಬೇಕು.

ಮಲೆನಾಡು, ಕೊಡಗಿನ ಬೆಲ್ಲದ ಕಾಫಿಗೆ ಯಾವ ಫಿಲ್ಟರೂ ಬೇಡ. 200 ಮಿ.ಲೀ. ನೀರಿಗೆ 15 ಗ್ರಾಂ ಬೆಲ್ಲ ಹಾಕಿ ಕುದಿಸಿ, ಒಲೆ ಆರಿಸಿ, ಚಿಕೋರಿಯಿಲ್ಲದ ಪುಡಿ 8 ಗ್ರಾಂ ಹಾಕಿ ನಾಲ್ಕು ನಿಮಿಷ ಮುಚ್ಚಿಡಿ. ಒಂದು ಚಮಚ ತಣ್ಣೀರು ಚಿಮುಕಿಸಿದರೆ ಚರಟ ತಳಕ್ಕೆ ಇಳಿಯುತ್ತದೆ, ಮೇಲಿನದನ್ನು ಬಗ್ಗಿಸಿಕೊಳ್ಳಿ. ಇದಕ್ಕೆ ಹಾಲು ಸೇರಿಸಿ ಕಾಯಿಸಿದರೆ ಒಡೆಯುತ್ತದೆ. ಹಾಲು ಬೇಕೇಬೇಕೆಂದರೆ ಕಾಫಿಯನ್ನು ಲೋಟಕ್ಕೆ ಬಗ್ಗಿಸಿ, ಒಂದು ನಿಮಿಷ ಆರಿಸಿ, ಆಮೇಲೆ ಬೆರೆಸಿ.