ಆಟಿಕೆ ಗೊಂಬೆಯೋ, ಕ್ಲೇ ಗೊಂಬೆಯೋ?

ದೊಡ್ಡವರಿಗಾಗಿ ಸ್ಟಾಪ್ ಮೋಷನ್ (ಗೊಂಬೆಯನ್ನು ಚೂರು ಚೂರೇ ಸರಿಸಿ, ಒಂದೊಂದೇ ಫೋಟೋ ತೆಗೆದು, ಚಲಿಸುವಂತೆ ತೋರಿಸುವ) ಕಾಮಿಡಿ ಸರಣಿ ಮಾಡಬೇಕು ಅಂತಿದ್ದೀರಾ? ಹಾಗಾದರೆ ಮೊದಲು ಗೊಂಬೆ ಯಾವುದು ಅಂತ ತೀರ್ಮಾನಿಸಿ. ಅಮೆರಿಕದಲ್ಲಿ ಎರಡೂ ನಡೆದಿವೆ. 1998ರಲ್ಲಿ ಎಂಟಿವಿಯಲ್ಲಿ ಶುರುವಾದ 'ಸೆಲೆಬ್ರಿಟಿ ಡೆತ್‌ಮ್ಯಾಚ್' ಕ್ಲೇ ಗೊಂಬೆಗಳದ್ದು. 2005ರಲ್ಲಿ ಬಂದ ಸೇಥ್ ಗ್ರೀನ್, ಮ್ಯಾಥ್ಯೂ ಸೆನ್‌ರೈಕ್ ಅವರ 'ರೋಬಾಟ್ ಚಿಕನ್' ಹೆಚ್ಚಾಗಿ ಆಟಿಕೆಗಳದ್ದು.

ಕ್ಲೇ ಅಂದ್ರೆ ಸ್ವಾತಂತ್ರ್ಯ. ಮೂಗು ಹಿಂಡಿ, ತಲೆ ಚಪ್ಪಟೆ ಮಾಡಿ, ಹೊಡೆದಾಟಕ್ಕೆ ಅದೇ ಸರಿ. ಆದರೆ ಲೈಟಿನ ಬಿಸಿಗೆ ಮೆತ್ತಗಾಗುತ್ತದೆ. ಬೆರಳಚ್ಚು ಕಾಣುತ್ತದೆ. ಬಿಳಿ ಅಂಗಿಗೆ ಕೆಂಪು ಹತ್ತಿತೋ, ಆ ತುಂಡು ಕಿತ್ತು ಹೊಸದು ಹಚ್ಚಬೇಕು.

ಆಟಿಕೆಗೆ ಕೀಲು ಮೊದಲೇ ಇರುತ್ತದೆ. ನೋಡಿದ ತಕ್ಷಣ ಯಾರೆಂದು ಗೊತ್ತಾಗುತ್ತದೆ, ಅರ್ಧ ಜೋಕ್ ಅಲ್ಲೇ ಮುಗಿಯಿತು ಅಲ್ವಾ? ತೊಂದರೆ ಬಾಯಿಯದ್ದು, ಅದು ತೆರೆಯುವುದಿಲ್ಲ. ಹಾಗಾಗಿ ಪುಟ್ಟ ಪುಟ್ಟ ಬಾಯಿಗಳನ್ನು ಮಾಡಿಟ್ಟು ಅಂಟಿಸುತ್ತಾ ಹೋಗಬೇಕು: 'ಮ' ಅನ್ನಲು ಮುಚ್ಚಿದ್ದು, 'ಆ' ಅನ್ನಲು ಅಗಲಿಸಿದ್ದು. ಕಾಲಿನ ಕೀಲು ಸಡಿಲವಾಗಿದ್ದರೆ ಗೊಂಬೆ ದೊಪ್ಪನೆ ಬೀಳುತ್ತದೆ, ಶಾಟ್ ಹಾಳು.

ಬೆವರು ಮಾತ್ರ ಎರಡಕ್ಕೂ ಒಂದೇ. ಸೆಕೆಂಡಿಗೆ 24 ಫ್ರೇಮ್, ಅಂದ್ರೆ 24 ಫೋಟೋ. ಒಂದು ಭಂಗಿಯನ್ನು ಎರಡೆರಡು ಫ್ರೇಮ್ ಹಿಡಿದರೂ 10 ಸೆಕೆಂಡಿಗೆ 120 ಸಲ ಗೊಂಬೆ ಮುಟ್ಟಬೇಕು.

ನನ್ನ ಓಟು ಆಟಿಕೆಗೆ. ಸ್ಕೆಚ್ ಕಾಮಿಡಿಯಲ್ಲಿ, ಅಂದ್ರೆ ಪುಟ್ಟ ಪುಟ್ಟ ನಗೆ ತುಣುಕುಗಳಲ್ಲಿ, ನಿಮಿಷಕ್ಕೊಂದು ಹೊಸ ಪಾತ್ರ ಬರುತ್ತದೆ. ಪ್ರತಿಯೊಬ್ಬರನ್ನೂ ಕ್ಲೇಯಲ್ಲಿ ಮಾಡುತ್ತಾ ಕೂತರೆ ಬರೆದ ಜೋಕ್ ನಿಮಗೇ ಹಳಸುತ್ತದೆ. ಮುಖ ಅಪ್ಪಚ್ಚಿಯಾಗುವ ಆ ಒಂದು ಶಾಟಿಗೆ ಮಾತ್ರ ಕ್ಲೇ ತಲೆ ಇಡಿ.