ಅಡಿಕೆಗೆ ಹೋದ ಮಾನ ಮತ್ತು ಎರಡನೇ ದಿನದ ಪುಟ: ಒಂದು ಪತ್ರಿಕಾ ಭಂಡಾರದ ವಿಮರ್ಶೆ

ಹಳೆಯ ಇಂಗ್ಲಿಷ್ ಪತ್ರಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನಿನಲ್ಲಿ ಇಟ್ಟಿರುವ ಒಂದು ಭಂಡಾರಕ್ಕೆ ವರ್ಷದ ಚಂದಾ ಕಟ್ಟಿ ಹನ್ನೊಂದು ತಿಂಗಳಾಯಿತು. ಇನ್ನೊಂದು ತಿಂಗಳಿಗೆ ಅದು ತಾನಾಗಿಯೇ ನವೀಕರಣ ಆಗುತ್ತದಂತೆ. ಇಟ್ಟುಕೊಳ್ಳಲೋ ಬಿಡಲೋ ಎಂದು ಯೋಚಿಸುತ್ತ ಬರೆದದ್ದು ಇದು. ಹೆಸರು ಹೇಳುವುದಿಲ್ಲ. ಇಂಥ ಭಂಡಾರಗಳಲ್ಲಿ ಒಂದನ್ನು ಕಂಡವರಿಗೆ ಉಳಿದವುಗಳ ಗುಣವೂ ಗೊತ್ತಾಗುತ್ತದೆ.

ನಾನು 27 ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತವಳು. ವರದಿಗಾರ್ತಿಯಾಗಿ ಒಂದು ದಿನವೂ ಓಡಾಡಲಿಲ್ಲ. ಬಂದ ಸುದ್ದಿಯನ್ನು ಕತ್ತರಿಸಿ, ಶೀರ್ಷಿಕೆ ಕೊಟ್ಟು, ಯಾವ ಪುಟದ ಯಾವ ಮೂಲೆಗೆ ಎಂದು ತೀರ್ಮಾನಿಸುವುದು ನನ್ನ ಕೆಲಸ. ನಿವೃತ್ತಿಯ ಮೇಲೆ ಪತ್ರಿಕೋದ್ಯಮದ ಮಕ್ಕಳಿಗೆ ಪಾಠ ಹೇಳಲು ಕರೆದರು. ದೊಡ್ಡ ದೊಡ್ಡ ಕುರ್ಚಿಯವರು ಚಿಲ್ಲರೆ ವಿಷಯಕ್ಕೆ ಹೇಗೆ ಉರುಳಿದರು ಎಂಬುದನ್ನು ಪುಟ ತೋರಿಸಿಕೊಂಡೇ ಹೇಳಬೇಕೆಂದು ಹಟ ಹಿಡಿದೆ. ಚಂದಾ ಕಟ್ಟಿದ್ದು ಆ ಹಟಕ್ಕೆ.

ಮೊದಲ ಹುಡುಕಾಟದಲ್ಲೇ ಭಂಡಾರದ ಬಣ್ಣ ಬಯಲಾಯಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದಂತೆ) ಬ್ಯಾರಿ ಒ'ಫಾರೆಲ್ 2014ರ ಏಪ್ರಿಲ್ 16ರಂದು ರಾಜೀನಾಮೆ ಕೊಟ್ಟಿದ್ದು ಒಂದು ವೈನ್ ಬಾಟಲಿಗೆ. ಪೆನ್‌ಫೋಲ್ಡ್ಸ್ ಗ್ರೇಂಜ್, 1959ರದ್ದು, ಸುಮಾರು 3,000 ಆಸ್ಟ್ರೇಲಿಯನ್ ಡಾಲರ್ ಬೆಲೆಯದ್ದು. 'ಗ್ರೇಂಜ್' ಎಂದು ಹುಡುಕಿದರೆ ನನಗೆ ಬೇಕಾದ ಪುಟ ಬರಲೇ ಇಲ್ಲ. ಅಚ್ಚಿನ ಅಕ್ಷರ ಓದುವ ಯಂತ್ರ ಇಂಗ್ಲಿಷಿನ 'ಜಿ'ಯನ್ನು 'ಓ' ಎಂದು ಓದಿ, ಉಳಿದ ಅಕ್ಷರಗಳನ್ನು ಹಾಗೆಯೇ ಉಳಿಸಿ, ಗ್ರೇಂಜನ್ನು ಆರೆಂಜ್ ಮಾಡಿಬಿಟ್ಟಿತ್ತು! ಸರಿ, 'ಆರೆಂಜ್, ರಾಜೀನಾಮೆ' ಎಂದೇ ಹುಡುಕಿದೆ. ಒ'ಫಾರೆಲ್ ಸಿಕ್ಕರು. ಅವರ ಹಿಂದೆಯೇ, ನಾನು ಕೇಳದೇ ಇದ್ದ ಕೆನಡಾದ ಸಚಿವೆ ಬೆವ್ ಓಡಾ ಕೂಡ ಬಂದರು. ಅವರದ್ದು ನಿಜವಾದ ಆರೆಂಜ್: ಲಂಡನ್ನಿನ ಸವಾಯ್ ಹೋಟೆಲಿನಲ್ಲಿ 16 ಡಾಲರಿನ ಒಂದು ಲೋಟ ಕಿತ್ತಳೆ ರಸ.

ಯಂತ್ರದ ಈ ತಪ್ಪಿಗೆ ನಾನು ಅರ್ಧ ನಕ್ಷತ್ರ ಜಾಸ್ತಿ ಕೊಟ್ಟಿದ್ದೇನೆ. ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡದಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ. ಓಡಾ ಅಂತರರಾಷ್ಟ್ರೀಯ ಸಹಕಾರದ ಸಚಿವೆ, ಬಡ ದೇಶಗಳಿಗೆ ನೆರವು ಹಂಚುವ ಖಾತೆ. 2011ರ ಜೂನ್‌ನಲ್ಲಿ ಲಂಡನ್ನಿಗೆ ಹೋಗಿದ್ದು ಬಡ ಮಕ್ಕಳಿಗೆ ಲಸಿಕೆ ಹಾಕಿಸುವ ಸಮ್ಮೇಳನಕ್ಕೆ. ಗೊತ್ತು ಮಾಡಿದ್ದ ಹೋಟೆಲ್ ಒಲ್ಲೆನೆಂದು ಸವಾಯ್‌ಗೆ ಹೋದರು. ಮರುವರ್ಷ ವಿಷಯ ಹೊರಬಿದ್ದಾಗ ಹಣ ವಾಪಸ್ ಕಟ್ಟಿದರು. 2012ರ ಜುಲೈನಲ್ಲಿ ರಾಜಕೀಯವನ್ನೇ ಬಿಟ್ಟರು. ಕೋಟ್ಯಂತರ ಡಾಲರಿನ ನೆರವಿನ ಲೆಕ್ಕ ಯಾವ ಓದುಗನಿಗೂ ಅರ್ಥವಾಗುವುದಿಲ್ಲ. ಒಂದು ಲೋಟ ರಸಕ್ಕೆ ತಾನೆಷ್ಟು ಕೊಡುತ್ತೇನೆ ಎಂಬುದು ಪ್ರತಿಯೊಬ್ಬನಿಗೂ ಗೊತ್ತು. ಡೆಸ್ಕಿನಲ್ಲಿ ನಮಗಿದು ರೂಢಿ: ಸಾವಿರ ಕೋಟಿ ಎಂದು ಶೀರ್ಷಿಕೆ ಕೊಟ್ಟರೆ ಓದುಗ ಪುಟ ತಿರುಗಿಸುತ್ತಾನೆ, ವಸ್ತುವಿನ ಹೆಸರು ಹಾಕಿದರೆ ನಿಂತು ಓದುತ್ತಾನೆ.

ಆದರೆ ಒ'ಫಾರೆಲ್ ಉರುಳಿದ್ದು ಬಾಟಲಿಯಿಂದ ಅಲ್ಲವೇ ಅಲ್ಲ. ಭಂಡಾರದ ದೊಡ್ಡ ದೋಷ ಇರುವುದೂ ಇಲ್ಲೇ.

ಹುಡುಕಿದ್ದಕ್ಕೆ ಬರುವ ಪುಟಗಳನ್ನು ಅದು 'ಪ್ರಸ್ತುತತೆ'ಯ ಪ್ರಕಾರ ಜೋಡಿಸುತ್ತದೆ. ಅಂದರೆ ಆ ಪದ ಹೆಚ್ಚು ಸಲ ಬಂದ ಪುಟ ಮೇಲೆ. ಹೀಗಾಗಿ ಯಾವ ಹಗರಣ ಹುಡುಕಿದರೂ ಮೊದಲು ಕಾಣುವುದು ರಾಜೀನಾಮೆಯ ಪುಟ, ಆಮೇಲೆ ಹಗರಣ ಸ್ಫೋಟಿಸಿದ ದಿನದ ಪುಟ. ಇವೆರಡರ ನಡುವಿನ ಸಣ್ಣ ಸುದ್ದಿ, ನಾವು 'ಸ್ಪಷ್ಟನೆ' ಎಂದು ಶೀರ್ಷಿಕೆ ಕೊಟ್ಟು ಸಿಂಗಲ್ ಕಾಲಮ್ಮಿಗೆ ತುರುಕುತ್ತಿದ್ದ ಸುದ್ದಿ, ಹತ್ತನೆಯದೋ ಹದಿನೈದನೆಯದೋ ಪರದೆಯಲ್ಲಿ ಎಲ್ಲೋ ಅಡಗಿರುತ್ತದೆ. ನನ್ನ ಅನುಭವದಲ್ಲಿ ಕುರ್ಚಿ ಮುರಿಯುವುದು ಅಲ್ಲಿ, ಆ ಎರಡನೇ ದಿನದ ಪುಟದಲ್ಲಿ. ನಮ್ಮ ಹಳೆಯ ಸುದ್ದಿ ಸಂಪಾದಕರು ಸ್ಪಷ್ಟನೆಯ ಫ್ಯಾಕ್ಸ್ ಬಂದ ಕೂಡಲೇ "ಫೈಲು ಮುಚ್ಚಬೇಡಮ್ಮ, ಈಗ ತೆಗಿ" ಅನ್ನುತ್ತಿದ್ದರು.

ತಾರೀಖಿನ ಪ್ರಕಾರ ಜೋಡಿಸುವ ಗುಂಡಿ ಇದೆ. ಆದರೆ ಪ್ರತಿ ಹುಡುಕಾಟದಲ್ಲೂ ಅದನ್ನು ಹೊಸದಾಗಿ ಒತ್ತಬೇಕು, ನೆನಪಿಟ್ಟುಕೊಳ್ಳುವುದಿಲ್ಲ. ಒತ್ತಿದೆ. ಏಪ್ರಿಲ್ 15: ಭ್ರಷ್ಟಾಚಾರ ವಿರೋಧಿ ಆಯೋಗದ ಮುಂದೆ ಪ್ರಮಾಣ ಮಾಡಿದ ಪ್ರೀಮಿಯರ್, ನೀರಿನ ಕಂಪನಿಯ ಮುಖ್ಯಸ್ಥನಿಂದ ಅಂಥ ಬಾಟಲಿ ತಮಗೆ ಬಂದೇ ಇಲ್ಲ, ಬಂದಿದ್ದರೆ ನೆನಪಿರುತ್ತಿತ್ತು ಎನ್ನುತ್ತಾರೆ. ಏಪ್ರಿಲ್ 16: ಅವರದೇ ಕೈಬರಹದ ಧನ್ಯವಾದದ ಚೀಟಿ ಹಾಜರು. 1959 ಒಳ್ಳೆಯ ವರ್ಷ ಎಂದು ತಮಾಷೆಯನ್ನೂ ಬರೆದಿದ್ದರು, ಅದು ಅವರು ಹುಟ್ಟಿದ ವರ್ಷ. ಬಾಟಲಿ ಬಂದಿದ್ದು 2011ರಲ್ಲಿ. ಬಂದಿತ್ತು, ಘೋಷಿಸಲು ಮರೆತೆ ಎಂದು ಹಿಂದಿನ ದಿನ ಹೇಳಿದ್ದರೆ ಬಹುಶಃ ಒಂದು ವಾರದ ನಗೆಪಾಟಲಿನಲ್ಲಿ ಮುಗಿಯುತ್ತಿತ್ತು. ಬೇಕೆಂದೇ ಸುಳ್ಳು ಹೇಳಿದರೆಂದು ಆಯೋಗವೂ ಆಮೇಲೆ ಹೇಳಲಿಲ್ಲ. ಮರೆತಿದ್ದರು, ಅಷ್ಟೇ ಇರಬಹುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರಲ್ಲ, ಅಡಿಕೆಯನ್ನು ತೆಗೆದುಕೊಂಡಾಗ ಅಲ್ಲ, ಅಡಿಕೆಯನ್ನು ಕಂಡೇ ಇಲ್ಲ ಎಂದಾಗ ಹೋಗುವ ಮಾನ ಅದು.

ಈಗ ಭಂಡಾರದ ಒಳ್ಳೆಯ ಗುಣ. ಸುದ್ದಿಯ ತುಣುಕನ್ನಷ್ಟೇ ಕತ್ತರಿಸಿ ಕೊಡದೆ ಇಡೀ ಪುಟವನ್ನು ತೆರೆದು ತೋರಿಸುತ್ತದೆ. ಹೊಸ ಕಾಲದ ವೆಬ್‌ಸೈಟುಗಳಲ್ಲಿ ಈ ಸುಖ ಇಲ್ಲ. ಒಂದು ಸುದ್ದಿ ಯಾಕೆ ಸಿಡಿಯಿತು ಎನ್ನುವುದು ಆ ಸುದ್ದಿಯಲ್ಲಿ ಇರುವುದಿಲ್ಲ, ಪಕ್ಕದ ಕಾಲಮ್ಮಿನಲ್ಲಿ ಇರುತ್ತದೆ.

ಬ್ರಿಟನ್ನಿನ 2021ರ ಡಿಸೆಂಬರ್ 9ರ ಪುಟ ತೆಗೆದು ಮಕ್ಕಳಿಗೆ ತೋರಿಸಿದೆ. ಹಿಂದಿನ ದಿನ ಅಲ್ಲಿ ಎರಡು ಸಂಗತಿ ನಡೆದಿದ್ದವು. ಕೋವಿಡ್ ನಿರ್ಬಂಧದ ನಡುವೆ ಪ್ರಧಾನಿ ನಿವಾಸದಲ್ಲಿ ನಡೆದ ಪಾರ್ಟಿಯ ಬಗ್ಗೆ ನಗುತ್ತ ಅಣಕು ಪತ್ರಿಕಾಗೋಷ್ಠಿ ನಡೆಸಿದ್ದ ವಿಡಿಯೊ ಬಯಲಾಗಿ, ಪ್ರಧಾನಿಯ ಹಿಂದಿನ ಪತ್ರಿಕಾ ಕಾರ್ಯದರ್ಶಿ ಅಲೆಗ್ರಾ ಸ್ಟ್ರಾಟನ್ ಕಣ್ಣೀರಿಟ್ಟು ರಾಜೀನಾಮೆ ಕೊಟ್ಟರು. ಅದೇ ಸಂಜೆ ಪ್ರಧಾನಿ ಬೋರಿಸ್ ಜಾನ್ಸನ್ ಕೋವಿಡ್‌ನ ಹೊಸ ತಳಿ ಓಮಿಕ್ರಾನ್ ತಡೆಯಲು ಜನರ ಮೇಲೆ ಹೊಸ ನಿರ್ಬಂಧ ಘೋಷಿಸಿದರು. ಪಾರ್ಟಿ ಇಲ್ಲ, ನಿಯಮ ಮೀರಿಲ್ಲ ಎಂದು ಸಂಸತ್ತಿನಲ್ಲಿ ಹೇಳಿದ್ದವರೂ ಅವರೇ. ಮರುವರ್ಷದ ಏಪ್ರಿಲ್‌ನಲ್ಲಿ ಅವರಿಗೆ ಬಿದ್ದ ದಂಡ 50 ಪೌಂಡ್, ಹುಟ್ಟುಹಬ್ಬದ ಕೂಟಕ್ಕೆ. ಬರೀ ಈ ಅಂಕಿ ನೋಡಿದರೆ ನಗು ಬರುತ್ತದೆ. ಆದರೆ 2021ರ ಏಪ್ರಿಲ್ 17ರಂದು ಗಂಡನ ಅಂತ್ಯಕ್ರಿಯೆಯಲ್ಲಿ ರಾಣಿ ಒಬ್ಬರೇ ಬೆಂಚಿನ ಮೇಲೆ ಕೂತ ಚಿತ್ರದ ಪುಟವನ್ನೂ, ಅದರ ಹಿಂದಿನ ರಾತ್ರಿ ಅದೇ ಪ್ರಧಾನಿ ನಿವಾಸದಲ್ಲಿ ಎರಡು ಬೀಳ್ಕೊಡುಗೆ ಕೂಟ ನಡೆದಿದ್ದವು ಎಂಬ ಸುದ್ದಿಯ ಪುಟವನ್ನೂ ಪಕ್ಕಪಕ್ಕ ಇಟ್ಟಾಗ ತರಗತಿಯಲ್ಲಿ ಯಾರೂ ನಗಲಿಲ್ಲ. 2022ರ ಜುಲೈ 7ಕ್ಕೆ ಅವರು ಇಳಿಯುವುದಾಗಿ ಹೇಳಲು ಕೊನೆಗೆ ಕಾರಣವಾದದ್ದು ಪಾರ್ಟಿಯೂ ಅಲ್ಲ, ಬೇರೊಬ್ಬ ಸಂಸದನ ಮೇಲಿನ ಹಳೆಯ ದೂರು ತಮಗೆ ಗೊತ್ತಿತ್ತೋ ಇಲ್ಲವೋ ಎಂಬುದಕ್ಕೆ ಕೊಟ್ಟ ಸ್ಪಷ್ಟನೆಗಳು. ಮತ್ತೆ ಎರಡನೇ ದಿನದ ಪುಟ.

ಎಪ್ಪತ್ತರ ದಶಕದ ಪುಟಗಳು ಮೈಕ್ರೋಫಿಲ್ಮಿನಿಂದ ಬಂದವು, ಅಂಚೆಲ್ಲ ಕಪ್ಪು. ಶೇಕಡಾ 200ಕ್ಕೆ ಹಿಗ್ಗಿಸಿದರೂ ಕಣ್ಣು ಸೋಲುತ್ತದೆ. ಆದರೂ ಇಸ್ರೇಲಿನ ಪ್ರಧಾನಿ ಇಟ್ಜಾಕ್ ರಾಬಿನ್ ಕಥೆಗಾಗಿ ನಾನು ಮೂರು ರಾತ್ರಿ ಅಲ್ಲಿ ಕಳೆದೆ. 1976ರ ಡಿಸೆಂಬರ್ 10, ಶುಕ್ರವಾರ. ಅಮೆರಿಕದಿಂದ ಮೂರು ಎಫ್-15 ಯುದ್ಧವಿಮಾನ ಬಂದಿಳಿದವು. ಸ್ವಾಗತ ಸಮಾರಂಭ ತಡವಾಗಿ, ಬಂದವರು ಸಬ್ಬತ್ (ಶುಕ್ರವಾರ ಸಂಜೆ ಶುರುವಾಗುವ ಯಹೂದಿಗಳ ಪವಿತ್ರ ವಿಶ್ರಾಂತಿಯ ದಿನ) ಶುರುವಾಗುವ ಮುಂಚೆ ಮನೆ ಸೇರಲಾಗದು ಎಂದು ಧಾರ್ಮಿಕ ಪಕ್ಷವೊಂದು ಅವಿಶ್ವಾಸ ಮಂಡಿಸಿತು. ಸರ್ಕಾರದಲ್ಲೇ ಇದ್ದ ಇನ್ನೊಂದು ಧಾರ್ಮಿಕ ಪಕ್ಷದವರು ಮತದಿಂದ ದೂರ ಉಳಿದರು. ರಾಬಿನ್ ಆ ಪಕ್ಷದವರನ್ನು ಸರ್ಕಾರದಿಂದ ಹೊರಹಾಕಿ, ತಾವೂ ರಾಜೀನಾಮೆ ಕೊಟ್ಟು, ಚುನಾವಣೆಗೆ ಹೊರಟರು. ಅಷ್ಟರಲ್ಲಿ ಮಾರ್ಚ್ ತಿಂಗಳಲ್ಲಿ 'ಹಾರೆಟ್ಜ್' ಪತ್ರಿಕೆಯಲ್ಲಿ ಸುದ್ದಿ: ರಾಬಿನ್ ರಾಯಭಾರಿಯಾಗಿದ್ದ ಕಾಲದ ಡಾಲರ್ ಖಾತೆ ವಾಷಿಂಗ್ಟನ್ನಿನ ಬ್ಯಾಂಕಿನಲ್ಲಿ ಹೆಂಡತಿ ಲೇಯಾ ಜೊತೆಗೆ ಇನ್ನೂ ಇದೆ. ಆಗಿನ ಕಾನೂನಿನಲ್ಲಿ ಅನುಮತಿ ಇಲ್ಲದೆ ಹೊರದೇಶದಲ್ಲಿ ಖಾತೆ ಇಟ್ಟುಕೊಳ್ಳುವುದು ಅಪರಾಧ. ಮೊದಲು ಹೇಳಿದ್ದಕ್ಕಿಂತ ಹೆಚ್ಚು ಹಣ ಅದರಲ್ಲಿ ಇತ್ತು ಎಂದು ಆಮೇಲೆ ಹೊರಬಂತು.

ಅದೇ ತಿಂಗಳುಗಳ ಪಕ್ಕದ ಕಾಲಮ್ಮುಗಳನ್ನು ನೋಡಿ. ರಾಬಿನ್ ಪಕ್ಷದವರೇ ಆದ ವಸತಿ ಸಚಿವರು ಭ್ರಷ್ಟಾಚಾರದ ಆರೋಪಗಳ ನಡುವೆ ಜನವರಿಯಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದರು. ಕೇಂದ್ರ ಬ್ಯಾಂಕಿನ ಗವರ್ನರ್ ಆಗಬೇಕಿದ್ದವರು ಲಂಚದ ಪ್ರಕರಣದಲ್ಲಿ ಫೆಬ್ರವರಿಯಲ್ಲಿ ಜೈಲಿಗೆ ಹೋಗಿದ್ದರು. ಆ ರಾಶಿಯ ಮೇಲೆ ಬಂದು ಬಿದ್ದದ್ದು ಈ ಖಾತೆ. ಏಪ್ರಿಲ್ 7ರ ರಾತ್ರಿ ಬೆಲ್‌ಗ್ರೇಡಿನಲ್ಲಿ ಮಕಾಬಿ ಟೆಲ್ ಅವೀವ್ ತಂಡ 78-77, ಒಂದೇ ಅಂಕದಿಂದ ಬ್ಯಾಸ್ಕೆಟ್‌ಬಾಲಿನ ಯುರೋಪಿಯನ್ ಕಪ್ ಗೆದ್ದು ದೇಶವೆಲ್ಲ ಬೀದಿಯಲ್ಲಿ ಕುಣಿಯುತ್ತಿದ್ದಾಗ ರಾಬಿನ್ ಟಿ.ವಿ.ಯಲ್ಲಿ ಬಂದು ಅಭ್ಯರ್ಥಿಯಾಗಿ ಹಿಂದೆ ಸರಿಯುತ್ತೇನೆ ಎಂದರು. ಆ ರಾತ್ರಿ ಅಲ್ಲಿನ ಡೆಸ್ಕಿನಲ್ಲಿ ಕೂತವರ ಪಾಡು ನೆನೆದು ನನಗೆ ಇವತ್ತಿಗೂ ಕರುಳು ಚುರ್ ಅನ್ನುತ್ತದೆ. ಯಾವುದು ಲೀಡ್, ಅಂದರೆ ಮುಖಪುಟದ ಮುಖ್ಯ ಸುದ್ದಿ? ಮೇ ತಿಂಗಳಲ್ಲಿ ಅವರ ಪಕ್ಷ ಸೋತಿತು. ಹೊಸ ಸರ್ಕಾರ ಅದೇ ವರ್ಷ ವಿದೇಶಿ ವಿನಿಮಯದ ಕಟ್ಟುಪಾಡನ್ನೇ ಸಡಿಲಿಸಿತು!

ಭಾರತದ ಪತ್ರಿಕೆಗಳು ಈ ಭಂಡಾರದಲ್ಲಿ ತೀರಾ ಕಡಿಮೆ. 1991ರ ಮಾರ್ಚ್ ತಿಂಗಳದ್ದು ಒಂದೇ ಒಂದು ಸಿಕ್ಕಿತು, ಅದೂ ಮಡಿಕೆ ಬಿದ್ದಲ್ಲಿ ಎರಡು ಸಾಲು ಮಾಯ. ರಾಜೀವ್ ಗಾಂಧಿ ಮನೆಯೆದುರು ಹರಿಯಾಣ ಪೊಲೀಸಿನ ಇಬ್ಬರು ಕಾನ್‌ಸ್ಟೆಬಲ್‌ಗಳು ಬೇಹುಗಾರಿಕೆ ಮಾಡುತ್ತಿದ್ದರು ಎಂದು ಕಾಂಗ್ರೆಸ್ ಗಲಾಟೆ ಎಬ್ಬಿಸಿ, ಮಾರ್ಚ್ 6ರಂದು ಪ್ರಧಾನಿ ಚಂದ್ರಶೇಖರ್ ರಾಜೀನಾಮೆ ಕೊಟ್ಟ ಕಥೆ. ನನ್ನ ಎರಡನೇ ದಿನದ ಸಿದ್ಧಾಂತಕ್ಕೆ ಇದು ಒಗ್ಗುವುದಿಲ್ಲ, ಒಪ್ಪಿಕೊಳ್ಳುತ್ತೇನೆ. ಇಲ್ಲಿ ಸ್ಪಷ್ಟನೆ ಏನೇ ಕೊಟ್ಟಿದ್ದರೂ ಉಪಯೋಗ ಇರಲಿಲ್ಲ. ಅರುವತ್ತು ಚಿಲ್ಲರೆ ಸಂಸದರನ್ನು ಕಟ್ಟಿಕೊಂಡು, ಹೊರಗಿನ ಬೆಂಬಲದ ಮೇಲೆ ಕೂತವರಿಗೆ ಎದುರಿನವರು ನೆಪ ಹುಡುಕುತ್ತಿದ್ದರು. ಇಬ್ಬರು ಪೇದೆಗಳು ಸಿಕ್ಕರು. ಅವರು ಸಿಗದಿದ್ದರೆ ಮತ್ತೇನೋ. "ಹಾಗಾದರೆ ಉಳಿದವರಿಗೂ ಅದು ನೆಪವೇ ಇರಬಹುದಲ್ಲ ಮೇಡಂ?" ಎಂದು ಹಿಂದಿನ ಸಾಲಿನ ಹುಡುಗಿ ಕೇಳಿದಳು. ಇರಬಹುದು. ಸ್ವಪಕ್ಷದವರು ಸುಸ್ತಾಗಿದ್ದಾಗಲೇ ಸಣ್ಣದಕ್ಕೆ ಬಲ ಬರುವುದು. ಆದರೂ ನೆಪವನ್ನು ಕೈಗೆ ಕೊಡುವವರು ಸಾಮಾನ್ಯವಾಗಿ ನಾಯಕರೇ, ಅದೂ ಬಾಯಿ ತೆರೆದಾಗ.

ಸ್ವೀಡನ್ನಿನ ಉಪಪ್ರಧಾನಿಯಾಗಿದ್ದ ಮೋನಾ ಸಾಲಿನ್ ಬಗ್ಗೆ ಸುದ್ದಿಸಂಸ್ಥೆಯ ನಾಲ್ಕಾರು ತುಣುಕು ಬಿಟ್ಟರೆ ಏನೂ ಇಲ್ಲ. ಸರ್ಕಾರಿ ಕಾರ್ಡಿನಲ್ಲಿ ಸ್ವಂತದ್ದಕ್ಕೆ ಸುಮಾರು 53,000 ಕ್ರೋನಾ ಖರ್ಚು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಎರಡು ಟಾಬ್ಲರೋನ್ ಚಾಕೊಲೇಟು. ಅದೊಂದು ಬಗೆಯ ಸಂಬಳದ ಮುಂಗಡ ಎಂಬ ವಿವರಣೆ ನಡೆಯಲಿಲ್ಲ. 1995ರಲ್ಲಿ ಪ್ರಧಾನಿ ಪಟ್ಟದ ಹೊಸ್ತಿಲಿಂದ ವಾಪಸ್. ಮೊಕದ್ದಮೆ ಹೂಡಲೂ ಇಲ್ಲ.

ಖುಲಾಸೆಯ ಪುಟಗಳನ್ನು ಹುಡುಕುವುದು ಎಲ್ಲಕ್ಕಿಂತ ಕಷ್ಟ. ಜರ್ಮನಿಯ ಅಧ್ಯಕ್ಷ ಕ್ರಿಸ್ಟಿಯಾನ್ ವುಲ್ಫ್ 2012ರ ಫೆಬ್ರವರಿಯಲ್ಲಿ ಹೋದರು. ಮನೆಸಾಲದ ಸುದ್ದಿ ಬರದಂತೆ ಪತ್ರಿಕೆಯ ಸಂಪಾದಕರಿಗೆ ಫೋನು ಮಾಡಿ, ಸಿಗದಿದ್ದಾಗ ಬೆದರಿಕೆಯ ಮಾತನ್ನು ವಾಯ್ಸ್‌ಮೇಲಿನಲ್ಲಿ ದಾಖಲಿಸಿಟ್ಟ ಮಹಾನುಭಾವ. ಕೊನೆಗೆ ನ್ಯಾಯಾಲಯದಲ್ಲಿ ಉಳಿದದ್ದು 700 ಚಿಲ್ಲರೆ ಯೂರೋ ಆತಿಥ್ಯದ ಬಿಲ್ಲು; 2014ರಲ್ಲಿ ಖುಲಾಸೆ. ಅವರ ಹೆಸರಿಗೆ ಈ ಭಂಡಾರದಲ್ಲಿ ಸಾವಿರಾರು ಫಲಿತಾಂಶ, ಖುಲಾಸೆ ತಲುಪಲು ನಾನು 41 ಪರದೆ ದಾಟಿದೆ. ಇದಕ್ಕೆ ಭಂಡಾರವನ್ನು ಪೂರ್ತಿ ದೂರಲಾರೆ. ಡೆಸ್ಕಿನಲ್ಲಿದ್ದಾಗ ನಾನೂ ಖುಲಾಸೆಗಳನ್ನು ಒಳಪುಟದ ಕೆಳಗಡೆಗೇ ಹಾಕಿದವಳು.

ಉಳಿದ ಚಿಲ್ಲರೆ ಸಂಗತಿ: ಪುಟದ ತುಣುಕು ಕತ್ತರಿಸುವ ಸಾಧನ ಚೆನ್ನಾಗಿದೆ, ತಾರೀಖು ತಾನಾಗಿ ಮೂಡುತ್ತದೆ. ಮೊಬೈಲಿನಲ್ಲಿ ಪ್ರಯೋಜನವಿಲ್ಲ. ನವೀಕರಣ ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಗ್ರಾಹಕ ಸೇವೆಗೆ ಬರೆದೆ. ಅಂಥ ಗುಂಡಿ ಇಲ್ಲ, ಮೇಲ್ ಮಾಡಿದರೆ ಸಾಕು ಎಂದು ಮೊದಲ ಉತ್ತರ. ಮೇಲ್ ಮಾಡಿದೆ. ಗುಂಡಿ ಇದೆ, ನಿಮಗೆ ಹಾಗೆ ಯಾರೂ ಹೇಳಿರಲಾರರು ಎಂದು ಎರಡನೇ ಉತ್ತರ. ಅವರದೇ ಮೊದಲ ಉತ್ತರವನ್ನು ಲಗತ್ತಿಸಿ ಕಳಿಸಿದ್ದೇನೆ.

ಐದಕ್ಕೆ ಮೂರೂವರೆ ನಕ್ಷತ್ರ. ಇನ್ನೊಂದು ತಿಂಗಳು ಹೇಗೂ ಇದೆ. ಮತದಾರರಿಗೆ ಬೇಸಿಗೆಯ ಬೀಸಣಿಗೆ ಹಂಚಿ, ಅದು ಬೀಸಣಿಗೆಯಲ್ಲ ಕರಪತ್ರ ಎಂದು ವಾದಿಸಿ ಕುರ್ಚಿ ಬಿಟ್ಟ ಜಪಾನಿನ ಕಾನೂನು ಸಚಿವೆ ಮಿದೊರಿ ಮತ್ಸುಶಿಮಾ ಪಾಠ ಬಾಕಿ. 2014ರ ಅಕ್ಟೋಬರ್ 21ರ ಪುಟ ಇನ್ನೂ ಲೋಡ್ ಆಗುತ್ತಿದೆ.